ವಿಜ್ಞಾನದ ಪಾಠದಲ್ಲಿ ರಾಹುವಿಗೆ ಜಾಗವಿಲ್ಲ

2019ರ ಡಿಸೆಂಬರ್ 26ರ ಬೆಳಗ್ಗೆ ಕಂಕಣ ಸೂರ್ಯಗ್ರಹಣದ ಪಥ ಕಾಸರಗೋಡಿನ ಚೆರುವತ್ತೂರು, ಕೊಡಗಿನ ಕುಟ್ಟ ದಾಟಿ ಕೊಯಮತ್ತೂರಿನ ಮೇಲೆ ಹಾದುಹೋಯಿತು. ಆ ಊರಿನ ಆರ್.ಎಸ್. ಪುರಂ ಬಡಾವಣೆಯ ಮಕ್ಕಳ ಪಾಲಿಗೆ ಮನೆಬಾಗಿಲಿಗೇ ಬಂದ ಪಾಠವದು. ರಟ್ಟಿಗೆ ಸೂಜಿಯಿಂದ ತೂತು ಮಾಡಿ ಬಿಸಿಲಿಗೆ ಹಿಡಿದರೆ ಸಾಕು, ಕೆಳಗಿಟ್ಟ ಬಿಳಿ ಹಾಳೆಯ ಮೇಲೆ ಬೆಳಕಿನ ಪುಟ್ಟ ಉಂಗುರ ಮೂಡುತ್ತದೆ. ಅದೇ ಬೆಳಗ್ಗೆ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಮಟ್ಟ ಮಣ್ಣಿನಲ್ಲಿ ಹೂತಿದ್ದರು. ಗ್ರಹಣದ ಹೊತ್ತಿನಲ್ಲಿ ಹೀಗೆ ಮಾಡಿದರೆ ವೈಕಲ್ಯ ವಾಸಿಯಾಗುತ್ತದೆ ಎಂದು ಹೆತ್ತವರು ನಂಬಿದ್ದರು.

ಪ್ರಾಥಮಿಕ ಶಾಲೆಯಲ್ಲಿ ಧರ್ಮಬೋಧೆಯನ್ನೂ ವಿಜ್ಞಾನವನ್ನೂ ಬೆರೆಸಿ ಕಲಿಸಬೇಕೆನ್ನುವವರು ಮೊದಲು ಆ ಮಣ್ಣಿನ ಗುಂಡಿಗಳಿಗೆ ಉತ್ತರ ಹೇಳಲಿ. ಪರಂಪರೆಯ ಹೆಸರಿನಲ್ಲಿ ಕೇಳುವುದಾದರೆ ಪರಂಪರೆಯನ್ನೇ ನೋಡೋಣ. ಗ್ರಹಣವೆಂದರೆ ನೆರಳಿನಾಟ ಎಂದು ಆರ್ಯಭಟ 499ರಲ್ಲೇ ಬರೆದಿಟ್ಟ. 628ರಲ್ಲಿ ಬ್ರಹ್ಮಗುಪ್ತ ಲೆಕ್ಕವನ್ನೆಲ್ಲ ನೆರಳಿನ ಮೇಲೆಯೇ ಹಾಕಿದ. ಆದರೂ ಶಾಸ್ತ್ರಕ್ಕೆ ಮಣಿದು, ಗ್ರಹಣಕ್ಕೆ ರಾಹು ಕಾರಣವೆಂಬುದನ್ನು ನಿರಾಕರಿಸಿದವರನ್ನು ಖಂಡಿಸಿದ. ಅಷ್ಟು ದೊಡ್ಡ ಗಣಿತಜ್ಞ ಹೀಗೆ ಮಾಡಿದ್ದಕ್ಕೆ ನಾಲ್ಕು ಶತಮಾನದ ನಂತರ ವಿದ್ವಾಂಸ ಅಲ್‌ಬಿರೂನಿ ನೊಂದು ಆಕ್ಷೇಪಿಸಿದ. ಬೆರಕೆ ಪಾಠವು ನಮ್ಮ ಶಿಕ್ಷಕರನ್ನು ತಳ್ಳುವುದು ಇದೇ ಇಕ್ಕಟ್ಟಿಗೆ: ತನಗೆ ತಿಳಿದದ್ದು ಒಂದು, ಮಗುವಿಗೆ ಹೇಳಬೇಕಾದದ್ದು ಇನ್ನೊಂದು. ಎಂಟು ವರ್ಷದ ಮಗು ಮೇಷ್ಟ್ರು ಹೇಳಿದ್ದನ್ನೆಲ್ಲ ಒಂದೇ ತೂಕದಲ್ಲಿ ನಂಬುತ್ತದೆ.

ಮೌಲ್ಯಶಿಕ್ಷಣವೆಂಬ ಹಣೆಪಟ್ಟಿಯಡಿ ಏನೇನು ಒಳಬರುತ್ತದೆ ಎಂಬುದನ್ನು ತಮಿಳುನಾಡು 2024ರಲ್ಲಿ ಕಂಡಿದೆ. ತಿರುಪ್ಪೂರು ಮೂಲದ ಪ್ರತಿಷ್ಠಾನವೊಂದರ ಮಹಾವಿಷ್ಣು ಎಂಬ ಭಾಷಣಕಾರರು ಚೆನ್ನೈನ ಸರ್ಕಾರಿ ಶಾಲೆಯಲ್ಲಿ ಮಾತನಾಡುತ್ತ, ಅಂಗವೈಕಲ್ಯಕ್ಕೆ ಹಿಂದಿನ ಜನ್ಮದ ಪಾಪವೇ ಕಾರಣವೆಂದರು. ಎದ್ದು ನಿಂತು ಪ್ರತಿಭಟಿಸಿದವರು ಅಂಧ ಶಿಕ್ಷಕರೊಬ್ಬರು. ಆ ಧೈರ್ಯಕ್ಕೆ ನಮ್ಮ ನಮಸ್ಕಾರ. ಭಾಷಣಕಾರರ ಬಂಧನವಾಯಿತು. ಆದರೆ ಅವರಿಗೆ ಶಾಲೆಯ ಬಾಗಿಲು ತೆರೆದದ್ದೇ ಮೊದಲ ತಪ್ಪು.

ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ವೈಜ್ಞಾನಿಕ ಮನೋಭಾವ ಬೆಳೆಸುವುದು 51ಎ ವಿಧಿಯಂತೆ ನಾಗರಿಕರ ಕರ್ತವ್ಯ. ರಾಹು ಬರುವ ಸಮುದ್ರಮಥನದ ಕತೆಯನ್ನು ಭಾಷಾ ತರಗತಿಯಲ್ಲಿ ರಸವತ್ತಾಗಿ ಹೇಳಲಿ, ಅಜ್ಜಿಯರು ಮನೆಯಲ್ಲಿ ಹೇಳಲಿ. ಮಕ್ಕಳಿಗೆ ಆ ಕತೆ ಬೇಕು. ವಿಜ್ಞಾನದ ಪೀರಿಯಡ್ಡಿಗೆ ಮಾತ್ರ ಅದು ಬರಬಾರದು. ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ಶಿಕ್ಷಣ ಇಲಾಖೆಗಳು ಇದನ್ನು ಲಿಖಿತ ಆದೇಶವಾಗಿಯೇ ಹೊರಡಿಸಬೇಕು, ಹೊರಗಿನ ಪ್ರವಚನಕಾರರನ್ನು ಶಾಲೆಗೆ ಕರೆಯುವ ಅಧಿಕಾರವನ್ನು ಮುಖ್ಯಶಿಕ್ಷಕರ ಕೈಯಿಂದ ತೆಗೆಯಬೇಕು, ಮುಂದಿನ ಗ್ರಹಣದ ದಿನ ಶಾಲೆಗಳಿಗೆ ರಜೆ ಕೊಡದೆ ಮಕ್ಕಳನ್ನು ರಟ್ಟು, ಸೂಜಿಯೊಂದಿಗೆ ಅಂಗಳಕ್ಕೆ ಇಳಿಸಬೇಕು.