ಸಿಮೆಂಟಿಗೆ ಮೊದಲು ಗುದ್ದಲಿ

ಪಲ್ಲಾವರಂನ ಹಳೆಯ ಬೀದಿಗಳಲ್ಲಿ ಇನ್ನೂ ಕೆಲವು ಮನೆಗಳಿಗೆ ಹಿತ್ತಲು ಉಳಿದಿದೆ. ಇಪ್ಪತ್ತಡಿ ಉದ್ದ, ಹದಿನೈದಡಿ ಅಗಲ. ಒಂದು ಮೂಲೆಯಲ್ಲಿ ಒಡೆದ ಹೆಂಚು, ಇನ್ನೊಂದರಲ್ಲಿ ಮನೆ ಕಟ್ಟಿದಾಗ ಉಳಿದ ಜಲ್ಲಿ, ನಡುವೆ ಎದೆಮಟ್ಟ ಬೆಳೆದ ಕಾಂಗ್ರೆಸ್ ಗಿಡ. ಬೆಂಗಳೂರಿನಿಂದಲೋ ಹೊಸೂರಿನಿಂದಲೋ ಕೆಲಸಕ್ಕೆಂದು ಬಂದು ಇಂಥ ಮನೆ ಹಿಡಿದ ಕನ್ನಡದ ಕುಟುಂಬಕ್ಕೆ ಮೊದಲ ವಾರವೇ ಎರಡು ಸಲಹೆ ಸಿಗುತ್ತವೆ. ಜೆಸಿಬಿ ತರಿಸಿ ಒಮ್ಮೆಗೇ ಸಮ ಮಾಡಿಸಿ ಎಂಬುದು ಒಂದು. ಸಿಮೆಂಟ್ ಹಾಕಿಸಿಬಿಡಿ, ಸೊಳ್ಳೆಯ ಕಾಟ ತಪ್ಪುತ್ತದೆ ಎಂಬುದು ಇನ್ನೊಂದು. ಎರಡೂ ದುಬಾರಿ, ಎರಡೂ ತಪ್ಪು.

ಸೊಳ್ಳೆಯ ಮಾತನ್ನೇ ಮೊದಲು ನೋಡಬಹುದು. ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ: ತೆಂಗಿನ ಚಿಪ್ಪು, ಹಳೆಯ ಟೈರು, ಮುಚ್ಚಳವಿಲ್ಲದ ಡ್ರಮ್ಮು. ಅವನ್ನು ಎತ್ತಿ ಹಾಕಲು ಒಂದು ಭಾನುವಾರ ಸಾಕು. ಸಿಮೆಂಟ್ ಹಾಕಿದರೆ ಆಗುವುದು ಬೇರೆ. ಚೆನ್ನೈಗೆ ವರ್ಷಕ್ಕೆ ಸುಮಾರು 140 ಸೆಂಟಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರೇ ತಿಂಗಳಲ್ಲಿ. 2015ರ ಡಿಸೆಂಬರ್‌ನಲ್ಲಿ ನಗರ ಮುಳುಗಿತು. 2019ರ ಬೇಸಿಗೆಯಲ್ಲಿ ಕೆರೆಗಳು ಬತ್ತಿ, ಜುಲೈನಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ತಮಿಳುನಾಡು 2003ರಲ್ಲಿಯೇ ಕಟ್ಟಡಗಳಿಗೆ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿತ್ತು. ಆದರೂ ಅತಿ ಅಗ್ಗದ ಮಳೆನೀರು ಕೊಯ್ಲು ತೆರೆದ ಮಣ್ಣೇ. ಪಲ್ಲಾವರಂನ ದೊಡ್ಡ ಕೆರೆಯನ್ನು ರಸ್ತೆ ಸೀಳಿಕೊಂಡು ಹೋಗಿದೆ. ಅದನ್ನು ಸರಿಪಡಿಸುವುದು ಒಂದು ಮನೆಯವರ ಕೈಯಲ್ಲಿಲ್ಲ. ಮುನ್ನೂರು ಚದರಡಿ ಮಣ್ಣನ್ನು ಉಸಿರಾಡಲು ಬಿಡುವುದು ಅವರ ಕೈಯಲ್ಲಿದೆ.

ಹಾಗಾದರೆ ಎಲ್ಲಿಂದ ಶುರು? ನೋಡುವುದರಿಂದ. 1863ರಲ್ಲಿ ರಾಬರ್ಟ್ ಬ್ರೂಸ್ ಫುಟ್ ಇದೇ ಪಲ್ಲಾವರಂನಲ್ಲಿ ಗರಸು ತೆಗೆದ ಗುಂಡಿಯೊಂದರ ಬಳಿ ಒಂದು ಕಲ್ಲನ್ನು ಎತ್ತಿಕೊಂಡರು. ಅದು ಶಿಲಾಯುಗದ ಕೈಕೊಡಲಿ. ಮುಂದೆ ಬಳ್ಳಾರಿಯ ಸಂಗನಕಲ್ಲಿಗೂ ಹೋದ ಅದೇ ಫುಟ್. ಹಿತ್ತಲಲ್ಲಿ ಕೊಡಲಿ ಸಿಗಲಿಕ್ಕಿಲ್ಲ, ಆದರೆ ಮಣ್ಣು ಏನೆಂದು ತಿಳಿಯುತ್ತದೆ. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಬೇಕು. ಎರಡನೆಯ ಸಲದ ನೀರು ಮರುದಿನವೂ ನಿಂತಿದ್ದರೆ ಮಣ್ಣನ್ನು ಏರು ಮಾಡಿಯೇ ಸಸಿ ನೆಡಬೇಕು; ಇಲ್ಲದಿದ್ದರೆ ನವೆಂಬರ್ ಮಳೆಗೆ ಬೇರು ಕೊಳೆಯುತ್ತದೆ. ಇದಕ್ಕೆ ಖರ್ಚು ಸೊನ್ನೆ.

ಕಳೆಗಳೂ ಒಂದೇ ಜಾತಿಯವಲ್ಲ. ಕನ್ನಡದಲ್ಲಿ ‘ಕಳೆ’ ಎಂದರೆ ಬೇಡದ ಗಿಡ. ತೆಗೆದುಹಾಕು ಎಂಬ ಅರ್ಥವೂ ಇದೆ. ಮುಖದ ಕಾಂತಿಯೂ ಕಳೆಯೇ. ತಮಿಳಿನ ‘ಕಳೈ’ ಕೂಡ ಈ ಮೂರನ್ನೂ ಹೇಳುತ್ತದೆ. ಹಿತ್ತಲಿಗೆ ಇಳಿದವರು ಈ ಅರ್ಥಗಳನ್ನು ಬಿಡಿಸಿಕೊಳ್ಳಬೇಕು. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುನ್ನ, ಮಣ್ಣು ಹಸಿಯಿದ್ದಾಗ, ಕೈಗವಸು ಹಾಕಿ ಬುಡಸಮೇತ ಕೀಳಬೇಕು. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಮತ್ತೆ ಚಿಗುರುತ್ತದೆ, ಬುಡವನ್ನೇ ಅಗೆಯಬೇಕು. ಕೊನ್ನಾರಿಯ ಗಡ್ಡೆಗಳು ಮಣ್ಣಿನೊಳಗೆ ಸರಪಳಿಯಂತಿರುತ್ತವೆ. ಜೆಸಿಬಿ ಆಡಿಸಿದರೆ ಸರಪಳಿ ತುಂಡಾಗಿ ಒಂದು ಹತ್ತಾಗುತ್ತದೆ. ಯಂತ್ರ ಬೇಡ ಎನ್ನುವುದಕ್ಕೆ ಇದೊಂದೇ ಕಾರಣ ಸಾಕು. ನೆಲನೆಲ್ಲಿ, ಕುಪ್ಪಿಗಿಡಗಳಿಗೆ ಅವಸರವಿಲ್ಲ. ಬೇರೇನಾದರೂ ನೆಡುವವರೆಗೆ ಅವು ಮಣ್ಣನ್ನು ಹಿಡಿದಿಡುತ್ತವೆ. ಪೊದೆಗೆ ಕೈ ಹಾಕುವ ಮುನ್ನ ಕೋಲಿನಿಂದ ಸದ್ದು ಮಾಡಬೇಕು, ಹಾವಿರಬಹುದು. ಕಿತ್ತದ್ದನ್ನು ಸುಡಬಾರದು, ಬೀಜ ಕಟ್ಟದ ಕಳೆಯನ್ನು ಬಿಸಿಲಲ್ಲಿ ಒಣಗಿಸಿದರೆ ಅದೇ ನೆಲದ ಹೊದಿಕೆ. ಮುನ್ನೂರು ಚದರಡಿಯನ್ನೂ ಒಂದೇ ವಾರದಲ್ಲಿ ಮುಗಿಸುವ ಹಟವೂ ಬೇಡ. ಮೊದಲ ತಿಂಗಳು ಒಂದು ಮಂಚದಷ್ಟು ಜಾಗ ಸಾಕು.

ಕಾಲದ ವಿಷಯದಲ್ಲಿ ಕರ್ನಾಟಕದ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ನಮಗೆ ಮುಂಗಾರು ಮುಖ್ಯ, ಹಿಂಗಾರು ಉಳಿದದ್ದು. ಜೂನ್ ಬಂದೊಡನೆ ಬಿತ್ತಲು ಕೈ ತುರಿಸುತ್ತದೆ. ಚೆನ್ನೈಯ ಜೂನ್ ಎಂದರೆ ಇನ್ನೂ ಬೇಸಿಗೆಯೇ. ಬೀಜಕ್ಕೆ ಹಾಕಿದ ದುಡ್ಡು ಒಣಗಿಹೋಗುತ್ತದೆ. ಆಡಿ ತಿಂಗಳನ್ನು ಹುಡುಕಿ ಬಿತ್ತು ಎಂದು ತಮಿಳರ ಗಾದೆ. ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಮದುವೆಗೆ ಎರಡೂ ಕಡೆಯವರು ದೂರವಿಡುವ ಹೊತ್ತು ಬದನೆ, ಬೆಂಡೆ, ಅವರೆಗೆ ಒಳ್ಳೆಯ ಹೊತ್ತು. ಬೇಸಿಗೆಯಲ್ಲಿ ಬಂದವರು ಬಿತ್ತುವ ಬದಲು ಅಗೆದು, ಎಲೆ ಹೊದಿಸಿ, ಅಡುಗೆಮನೆಯ ಸಿಪ್ಪೆಯನ್ನು ತೂತು ಮಾಡಿದ ಚೀಲದಲ್ಲಿ ಗೊಬ್ಬರವಾಗಲು ಬಿಡುವುದು ಲೇಸು.

ದುಡ್ಡು ಎರಡು ಸಾವಿರವೇ ಇದೆ ಎಂದುಕೊಳ್ಳೋಣ. ಮೊದಲು ಒಂದು ಗಟ್ಟಿ ಗುದ್ದಲಿ, ಒಂದು ಕುಡುಗೋಲು, ಒಂದು ಬಾಂಡಲಿ. ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಹಳೆಯ ಸಾಮಾನೂ ಸಿಗುತ್ತದೆ, ಸಸಿಯೂ ಸಿಗುತ್ತದೆ. ಸಾಮಾನು ಕೊಂಡು, ಸಸಿಗಳ ಸಾಲನ್ನು ನೋಡಿಕೊಂಡು ಸುಮ್ಮನೆ ಮನೆಗೆ ಬರುವುದು ಮೊದಲ ಸಂತೆಯ ಶಿಸ್ತು. ನುಗ್ಗೆ ಕೊಂಬೆಯಿಂದ ಬರುತ್ತದೆ. ಬಸಳೆ, ಪುದೀನ, ದೊಡ್ಡಪತ್ರೆ ಕಡ್ಡಿಯಿಂದ. ಕರಿಬೇವು ಪಕ್ಕದ ಮನೆಯ ಮರದ ಬುಡದ ಮರಿಯಿಂದ. ಕೇಳಲು ನಾಲ್ಕು ತಮಿಳು ಮಾತು ಬೇಕು. ಕಲಿಯಲು ಇದಕ್ಕಿಂತ ಒಳ್ಳೆಯ ನೆಪವಿಲ್ಲ.

ಉಳಿದ ದುಡ್ಡನ್ನು ಗೊಬ್ಬರಕ್ಕಲ್ಲ, ನೀರಿನ ಪರೀಕ್ಷೆಗೆ ಇಡಬೇಕು. ಪಕ್ಕದ ಕ್ರೋಮ್‌ಪೇಟೆಗೆ ಆ ಹೆಸರು ಬಂದದ್ದೇ ಕ್ರೋಮ್ ಚರ್ಮದ ಕಾರ್ಖಾನೆಯಿಂದ. ನಾಗಲ್ಕೇಣಿಯ ಸುತ್ತ ದಶಕಗಳ ಕಾಲ ಚರ್ಮ ಹದ ಮಾಡಿದ್ದರಿಂದ ಅಲ್ಲಿನ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಎಲ್ಲ ಬೀದಿಯ ನೀರೂ ಹಾಗಿರಬೇಕೆಂದಿಲ್ಲ, ಆದರೆ ಬಾವಿಯ ನೀರು ಕಣ್ಣಿಗೆ ತಿಳಿಯಾಗಿ ಕಂಡರೆ ಸಾಲದು. ಸಾಮಾನ್ಯ ಮಣ್ಣು ಪರೀಕ್ಷೆ ಸಾರಜನಕ, ರಂಜಕ, ಉಪ್ಪಿನಂಶಗಳನ್ನಷ್ಟೇ ಹೇಳುತ್ತದೆ. ಕ್ರೋಮಿಯಂ ನೋಡಿ ಎಂದು ಬೇರೆಯಾಗಿ ಕೇಳಬೇಕು. ಫಲಿತಾಂಶ ಬರುವವರೆಗೆ ನೆಲದಲ್ಲಿ ದಾಸವಾಳ, ಕನಕಾಂಬರ ಬೆಳೆಯಲಿ. ತಿನ್ನುವ ಸೊಪ್ಪು ಕುಂಡದಲ್ಲಿ, ಹೊರಗಿನ ಮಣ್ಣಲ್ಲಿ, ಅಕ್ಕಿ ತೊಳೆದ ನೀರಲ್ಲಿ ಬೆಳೆಯಲಿ. ಕೈಯಾರೆ ಬೆಳೆದದ್ದೆಲ್ಲ ಶುದ್ಧ ಎಂಬ ನಂಬಿಕೆ ಇಂಥ ಊರಿನಲ್ಲಿ ಅಪಾಯದ್ದು.

ಹನ್ನೊಂದು ತಿಂಗಳ ಕರಾರಿನ ಬಾಡಿಗೆದಾರರು ಇಷ್ಟೆಲ್ಲ ಯಾಕೆ ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ನೆಲ ಮಾಲೀಕರದು, ಬೆವರು ಬಾಡಿಗೆದಾರರದು. ಆದ್ದರಿಂದ ಕರಾರಿನ ಹೊತ್ತಿಗೇ ಮಾತಾಡಬೇಕು: ಹಿತ್ತಲನ್ನು ಹಸನು ಮಾಡಿಕೊಳ್ಳುತ್ತೇವೆ, ನೀರಿನ ಪರೀಕ್ಷೆಯ ಖರ್ಚು ನಿಮ್ಮದು, ನಾವು ಇರುವಷ್ಟು ಕಾಲ ಸಿಮೆಂಟ್ ಹಾಕಿಸಬೇಡಿ. ಸಿಮೆಂಟಿಗೆ ಸಾವಿರಾರು ರೂಪಾಯಿ ಸುರಿಯಲು ಸಿದ್ಧರಿರುವ ಮಾಲೀಕರಿಗೆ ಇದು ಉಳಿತಾಯವೇ. ಒಪ್ಪದಿದ್ದರೆ ಮರ ನೆಡುವುದು ಬೇಡ. ಒಂದು ಹಂಗಾಮಿನ ಬೆಂಡೆ, ಅವರೆ ಸಾಕು. ಒಪ್ಪಿದರೆ ಒಂದು ನುಗ್ಗೆಯ ಕೊಂಬೆ ಊರಬಹುದು. ಅದರ ಕಾಯಿ ಮುಂದಿನ ಬಾಡಿಗೆದಾರರ ಸಾರಿಗೆ ಬಿದ್ದರೂ ನಷ್ಟವಿಲ್ಲ. ಈ ಮನೆಗೆ ಬಂದ ದಿನ ಕಾಂಗ್ರೆಸ್ ಗಿಡದ ಬದಲು ಒಂದು ನುಗ್ಗೆ ಮರ ಎದುರಾಗಿದ್ದರೆ ಇವರಿಗೂ ಬೇಡವೆನಿಸುತ್ತಿರಲಿಲ್ಲ.