ಗುಂಡಿಗೆ ಗುರುತು ಬೇಕು

ಕನ್ನಡದ ಸಾಹಿತ್ಯವಲಯಕ್ಕೆ ಬಂದೂಕಿನ ಬಗ್ಗೆ ಗೊತ್ತಿರುವುದು ಎರಡೇ ಸಂಗತಿ. ಒಂದು, ಅದರಿಂದ ನಮ್ಮವರು ಸತ್ತರು. ಇನ್ನೊಂದು, ಅದು ಸಿನಿಮಾದಲ್ಲಿ ಚೆನ್ನಾಗಿ ಕಾಣುತ್ತದೆ. ಮೊದಲನೆಯದಕ್ಕೆ ಮೇಣದಬತ್ತಿ ಹಚ್ಚುತ್ತೇವೆ, ಎರಡನೆಯದಕ್ಕೆ ಶಿಳ್ಳೆ ಹೊಡೆಯುತ್ತೇವೆ. ಇದನ್ನು ಯಾರು ಮಾಡಿದರು, ಹೀಗೇ ಯಾಕೆ ಮಾಡಿದರು, ಹೀಗೆ ಮಾಡಿದ್ದರಿಂದ ಯಾರಿಗೆ ಏನಾಯಿತು ಎಂದು ಕೇಳುವ ಅಭ್ಯಾಸ ಮಾತ್ರ ನಮಗಿಲ್ಲ. ಒಂದು ಪದದ ಮೂಲ ಹುಡುಕಲು ಇಪ್ಪತ್ತು ಪುಟ ಬರೆಯುವ ಸಂಶೋಧಕರು ನಾವು. ಸಂಶೋಧಕರೊಬ್ಬರನ್ನು ಕೊಂದ ವಸ್ತುವಿನ ಬಗ್ಗೆ ಒಂದು ಪುಟ ಬರೆಯಲೂ ಹಿಂಜರಿಯುತ್ತೇವೆ.

ಇದಕ್ಕೆ ಸಿದ್ಧ ಉತ್ತರವೊಂದಿದೆ: ಬಂದೂಕು ಬರೀ ಉಪಕರಣ, ತಪ್ಪೆಲ್ಲ ಅದನ್ನು ಹಿಡಿದ ಕೈಯದು. ಈ ಮಾತು ಎಷ್ಟು ಪೊಳ್ಳು ಎಂದು ನೋಡಬೇಕಾದರೆ ಗ್ಲಾಕ್ ಪಿಸ್ತೂಲಿನ ಕಥೆಯನ್ನು ಓದಬೇಕು.

ಗಾಸ್ಟನ್ ಗ್ಲಾಕ್ ಎಂಬ ಆಸ್ಟ್ರಿಯಾದ ಎಂಜಿನಿಯರ್ ಪರದೆ ನೇತುಹಾಕುವ ಸರಳು, ಸೈನಿಕರಿಗೆ ಚಾಕು, ಗುದ್ದಲಿ ಮಾಡಿಕೊಡುತ್ತಿದ್ದವನು. ಆಸ್ಟ್ರಿಯಾದ ಸೈನ್ಯ ಹಳೆಯ ಪಿಸ್ತೂಲಿಗೆ ಬದಲಿ ಹುಡುಕುತ್ತಿದೆ ಎಂದು ತಿಳಿದು ತಾನೂ ಕೈಹಾಕಿದ. ಹಿಂದೆಂದೂ ಬಂದೂಕು ಮಾಡಿರದವನ ಪಿಸ್ತೂಲನ್ನು ಸೈನ್ಯ 1982ರಲ್ಲಿ ಒಪ್ಪಿಕೊಂಡಿತು. ಅದೇ ಗ್ಲಾಕ್ 17. ನಳಿಗೆ, ಮೇಲಿನ ಜಾರುಭಾಗ ಉಕ್ಕಿನದು. ಕೈಯಲ್ಲಿ ಹಿಡಿಯುವ ಚೌಕಟ್ಟು ನೈಲಾನ್ ಜಾತಿಯ ಪಾಲಿಮರ್. ಪಾಲಿಮರ್ ಚೌಕಟ್ಟು ಇವನದೇ ಮೊದಲಲ್ಲ, ಜರ್ಮನಿಯ ಹೆಕ್ಲರ್ ಅಂಡ್ ಕೋಖ್ ಕಂಪನಿ 1970ರಲ್ಲೇ ಮಾಡಿತ್ತು. ಆದರೆ ಜಗತ್ತನ್ನು ಗೆದ್ದದ್ದು ಇವನ ಪಿಸ್ತೂಲು.

ಗೆದ್ದದ್ದು ಹೇಗೆ? ಒಂದೊಂದನ್ನೇ ಕಳೆಯುತ್ತ ಹೋಗಿ. ಭಾರ ಕಳೆದ, ಖಾಲಿ ಪಿಸ್ತೂಲು ಸುಮಾರು 630 ಗ್ರಾಂ. ಹೆಬ್ಬೆರಳಿನಿಂದ ಸರಿಸಬೇಕಾದ ಸೇಫ್ಟಿ ಗುಂಡಿಯನ್ನು ತೆಗೆದ. ಸುರಕ್ಷತೆಯೆಲ್ಲ ಟ್ರಿಗರ್ ಮತ್ತು ಒಳಗಿನ ಭಾಗಗಳಲ್ಲೇ, ಬೆರಳು ಎಳೆದರೆ ಗುಂಡು ಹಾರುತ್ತದೆ. ಆರು ಗುಂಡಿನ ರಿವಾಲ್ವರ್ ಇದ್ದ ಕೈಗೆ ಹದಿನೇಳು ಗುಂಡು ಕೊಟ್ಟ.

ನಾನು ಜವನಗೊಂಡನಹಳ್ಳಿಯವಳು. ನಮ್ಮ ಜಿಲ್ಲೆಯವರಿಗೆ ಆಯುಧ ಎಂದೊಡನೆ ನೆನಪಾಗುವುದು ಓಬವ್ವನ ಒನಕೆ. ಅದೂ ಮನೆಬಳಕೆಯದೇ, ಗ್ಲಾಕ್‌ನ ಪರದೆ ಸರಳಿನ ಹಾಗೆ. ಆದರೆ ಒನಕೆ ಎತ್ತಲು ತೋಳಿನಲ್ಲಿ ಬಲ ಬೇಕು, ಪ್ರತಿ ಏಟಿಗೂ ಮತ್ತೆ ಎತ್ತಬೇಕು, ಎದುರಿನವನ ಉಸಿರು ತಾಕುವಷ್ಟು ಹತ್ತಿರ ನಿಲ್ಲಬೇಕು. ಬಂದೂಕು ಆ ದೂರವನ್ನು ಯಾವತ್ತೋ ಗೆದ್ದಿತ್ತು. ಗ್ಲಾಕ್ ಉಳಿದ ದಣಿವನ್ನೂ ತೆಗೆಯಿತು. ಕೊಲ್ಲುವುದನ್ನು ಸಲೀಸು ಮಾಡುವುದೇ ಗುರಿಯಾಗಿ ವಿನ್ಯಾಸಗೊಂಡ ವಸ್ತುವನ್ನು ‘ಬರೀ ಉಪಕರಣ’ ಎನ್ನುವುದು ಅಪ್ರಾಮಾಣಿಕತೆ.

1980ರ ದಶಕದ ನಡುವೆ ಅದು ಅಮೆರಿಕಕ್ಕೆ ಬಂದಾಗ ದೊಡ್ಡ ಗದ್ದಲವೇ ಎದ್ದಿತು. ಪ್ಲಾಸ್ಟಿಕ್ ಗನ್ನು, ವಿಮಾನ ನಿಲ್ದಾಣದ ಎಕ್ಸ್‌ರೇಗೆ ಸಿಗುವುದಿಲ್ಲ ಎಂಬ ಸುದ್ದಿ ಹಬ್ಬಿತು. ಉಕ್ಕೇ ಹೆಚ್ಚಿರುವ ಪಿಸ್ತೂಲು ಎಕ್ಸ್‌ರೇಗೆ ಕಾಣದೆ ಇರುವುದುಂಟೆ? ಆದರೂ ಹಾಲಿವುಡ್‌ನ ‘ಡೈ ಹಾರ್ಡ್ 2’ (1990) ಆ ಸುಳ್ಳನ್ನು ಮತ್ತಷ್ಟು ಬೆಳೆಸಿತು. ಎಲ್ಲರೂ ಇಲ್ಲದ ಅಪಾಯವನ್ನು ಹುಡುಕುತ್ತಿದ್ದಾಗ ಇದ್ದ ಅಪಾಯ ಕಣ್ಣೆದುರೇ ಮಾರಾಟವಾಗುತ್ತಿತ್ತು. ಕಂಪನಿ ಪೊಲೀಸ್ ಇಲಾಖೆಗಳಿಗೆ ಹೊಸ ಪಿಸ್ತೂಲು ಕೊಟ್ಟು ಹಳೆಯವನ್ನು ವಾಪಸು ಪಡೆಯಿತು. ಆ ಹಳೆಯವು ಜನರ ಮಾರುಕಟ್ಟೆಗೆ ಹೋದವು. ಒಂದೇ ವ್ಯವಹಾರದಲ್ಲಿ ಪೊಲೀಸರ ಕೈಯಲ್ಲೂ ಗನ್ನು, ಬೀದಿಯಲ್ಲೂ ಗನ್ನು.

ಆ ಸರಳತೆ ಈಗ ತಿರುಗಿ ಕಚ್ಚುತ್ತಿದೆ. ನಾಣ್ಯದಷ್ಟು ಗಾತ್ರದ ‘ಸ್ವಿಚ್’ ಎಂಬ ಅಕ್ರಮ ತುಂಡೊಂದು ಈ ಪಿಸ್ತೂಲನ್ನು ಮೆಷಿನ್ ಗನ್ ಮಾಡಿಬಿಡುತ್ತದೆ. ಷಿಕಾಗೋ ನಗರ 2024ರಲ್ಲಿ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. 2025ರ ಅಕ್ಟೋಬರ್‌ನಲ್ಲಿ, ಹೀಗೆ ಸುಲಭವಾಗಿ ಮಾರ್ಪಡುವ ಪಿಸ್ತೂಲುಗಳನ್ನು ಅಂಗಡಿಗಳು 2026ರ ಜುಲೈನಿಂದ ಮಾರದಂತೆ ತಡೆಯುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಆಯಿತು. ಅದೇ ತಿಂಗಳು ಕಂಪನಿ ಹಲವು ಹಳೆಯ ಮಾದರಿಗಳನ್ನು ನಿಲ್ಲಿಸಿ ಹೊಸ ಸರಣಿ ತರುವುದಾಗಿ ಹೇಳಿತು. ಅಂದರೆ ವಿನ್ಯಾಸ ಬದಲಿಸಲು ಸಾಧ್ಯವಿತ್ತು. ಅದಕ್ಕೆ ನಲವತ್ತು ವರ್ಷ ಹಿಡಿಯಿತು, ಅಷ್ಟೇ.

ಇದು ಅಮೆರಿಕದ ರೋಗ, ನಮಗೇನು ಎನ್ನುವವರಿದ್ದಾರೆ. ನಮ್ಮಲ್ಲಿ 9 ಎಂ.ಎಂ. ಪಿಸ್ತೂಲು ಸಾಮಾನ್ಯರಿಗೆ ನಿಷಿದ್ಧ, ಗ್ಲಾಕ್ ಇರುವುದು ಎನ್‌ಎಸ್‌ಜಿಯಂಥ ಪಡೆಗಳಲ್ಲಿ. ನಿಜ. ಹಾಗಾದರೆ ನಮ್ಮದೇ ನೆಲದ ಪ್ರಕರಣ ನೋಡೋಣ.

2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಮನೆಯೆದುರು ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಕೊಂದದ್ದು ಗ್ಲಾಕ್ ಅಲ್ಲ, 7.65 ಎಂ.ಎಂ. ನಾಡಪಿಸ್ತೂಲು. ಎರಡೂ ಕೊಲೆಗಳಲ್ಲಿ ಬಳಕೆಯಾದದ್ದು ಒಂದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಎರಡು ವರ್ಷಗಳ ಅಂತರದ, ಎರಡು ಊರುಗಳ ಸಾವುಗಳನ್ನು ಜೋಡಿಸಿದ್ದು ಗುಂಡು ಮತ್ತು ಖಾಲಿ ತೋಟಾಗಳ ಮೇಲೆ ಲೋಹ ಬಿಟ್ಟ ಗೀರು. ಶಾಸನದ ಅಕ್ಷರದ ಗೀರುಗಳನ್ನು ಓದಿ ಇತಿಹಾಸ ಕಟ್ಟಿದ ವಿದ್ವಾಂಸರ ಸಾವಿನ ಸತ್ಯವೂ ಗೀರುಗಳಲ್ಲೇ ಉಳಿದಿತ್ತು.

ಮುಂದಿನ ಪಿಸ್ತೂಲುಗಳು ಅಳಿಸಲು ಹೊರಟಿರುವುದು ಈ ಗುರುತನ್ನೇ. ಹಳೆಯ ನಳಿಗೆಗಳ ಒಳಗೆ ಚೂಪಂಚಿನ ಗಾಡಿಗಳಿರುತ್ತವೆ, ಅವು ಗುಂಡಿನ ಮೇಲೆ ಸ್ಪಷ್ಟ ಗೀರು ಮೂಡಿಸುತ್ತವೆ. ಗ್ಲಾಕ್ ಬಳಸಿದ್ದು ಅಂಚು ನಯವಾದ ಬಹುಭುಜದ ನಳಿಗೆ. ಅದರಿಂದ ಹೊರಟ ಗುಂಡು ಯಾವ ಗನ್ನಿನದು ಎಂದು ಹೇಳುವುದು ಪರೀಕ್ಷಕರಿಗೆ ಕಷ್ಟ. ಇದಕ್ಕಿಂತ ದೊಡ್ಡದು ಚೌಕಟ್ಟಿನ ಸಮಸ್ಯೆ. ಅಮೆರಿಕದ ಕಾನೂನಿಗೆ ಇಂಥ ಪಿಸ್ತೂಲಿನಲ್ಲಿ ಗನ್ನು ಎಂದರೆ ಆ ಪ್ಲಾಸ್ಟಿಕ್ ಚೌಕಟ್ಟೇ. ಕ್ರಮಸಂಖ್ಯೆ ಇರಬೇಕಾದದ್ದು ಅದರ ಮೇಲೆ. ಪ್ಲಾಸ್ಟಿಕ್ಕನ್ನು ಮನೆಯ 3ಡಿ ಪ್ರಿಂಟರಿನಲ್ಲೂ ಅಚ್ಚು ಹಾಕಬಹುದು. ಆಗ ಸಂಖ್ಯೆಯಿಲ್ಲದ, ಯಾವ ಕಡತದಲ್ಲೂ ಇಲ್ಲದ ಗನ್ನು ಹುಟ್ಟುತ್ತದೆ. ಅಲ್ಲಿನವರು ಅದಕ್ಕೆ ‘ಭೂತ ಗನ್ನು’ ಎನ್ನುತ್ತಾರೆ. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ರಸ್ತೆಯಲ್ಲಿ ವಿಮಾ ಕಂಪನಿಯ ಮುಖ್ಯಸ್ಥರೊಬ್ಬರ ಕೊಲೆಗೆ ಇಂಥದ್ದೇ ಬಳಕೆಯಾಗಿರಬಹುದು ಎಂದು ಅಲ್ಲಿನ ಪೊಲೀಸರು ಹೇಳಿದರು. ಪ್ರಿಂಟರ್ ಬೆಂಗಳೂರಿನಲ್ಲೂ ಇದೆ, ಹಿರಿಯೂರಿಗೆ ಬರಲು ತಡವೇನೂ ಆಗುವುದಿಲ್ಲ.

ನನ್ನ ಜಗಳ ಕೊಡಗಿನ ಕೋವಿಯೊಂದಿಗಲ್ಲ. ಅಲ್ಲಿ ಗಂಡುಮಗು ಹುಟ್ಟಿದರೆ, ಮನೆಯಲ್ಲಿ ಸಾವಾದರೆ ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿಯಿತ್ತು. ಆ ಕೋವಿ ಯಾವ ಮನೆಯದು ಎಂದು ಊರಿಗೆಲ್ಲ ಗೊತ್ತು. ನನ್ನ ಜಗಳ ಯಾರದೆಂದು ಯಾರಿಗೂ ತಿಳಿಯದ ಗನ್ನಿನ ಮೇಲೆ, ಅದನ್ನು ಕಂಡೂ ಕಾಣದಂತಿರುವ ನಮ್ಮ ಮೇಲೆ. ‘ಕೆಜಿಎಫ್ 2’ರಲ್ಲಿ ಪೊಲೀಸ್ ಠಾಣೆಯನ್ನು ಪುಡಿಗಟ್ಟಿದ ಬಂದೂಕಿಗೆ ‘ದೊಡ್ಡಮ್ಮ’ ಎಂದು ಹೆಸರಿಟ್ಟರೆ ಚಪ್ಪಾಳೆ. ಖಾಸಗಿ ಕಂಪನಿಗಳು ದೇಶದಲ್ಲೇ ಬಂದೂಕು ತಯಾರಿಸಿದರೆ ಅದಕ್ಕೂ ಚಪ್ಪಾಳೆ. ಸೈನ್ಯಕ್ಕೆ ಆಯುಧ ಬೇಡವೆ ಎಂದು ಕೇಳಬಹುದು. ಬೇಕು. ಆದರೆ ಹೆಮ್ಮೆಪಡುವ ಮೊದಲು ಆ ಗನ್ನುಗಳ ವಿನ್ಯಾಸ ಎಂಥದ್ದು ಎಂದು ಕೇಳುವುದು ದೇಶದ್ರೋಹವಲ್ಲ.

ಕೇಳಬೇಕಾದ್ದು ಬಹಳವಿಲ್ಲ. ಗುರುತಿಲ್ಲದ ಬಂದೂಕು ಮಾರಕೂಡದು ಎಂದು 1959ರ ಶಸ್ತ್ರಾಸ್ತ್ರ ಕಾಯ್ದೆ ಆಗಲೇ ಹೇಳಿದೆ. ಆ ಗುರುತು ಒಂದು ಭಾಗದ ಮೇಲಿದ್ದರೆ ಸಾಲದು. ನಳಿಗೆ, ಜಾರುಭಾಗ, ಚೌಕಟ್ಟು ಮೂರರ ಮೇಲೂ ಅಳಿಸಲಾಗದಂತೆ ಇರಬೇಕು. ಮೆಷಿನ್ ಗನ್ನಾಗಿ ಸುಲಭಕ್ಕೆ ಮಾರ್ಪಡುವ ವಿನ್ಯಾಸಕ್ಕೆ ಇಲ್ಲಿ ತಯಾರಿಕಾ ಪರವಾನಗಿ ಸಿಗಬಾರದು. ಕಾರ್ಖಾನೆಯಿಂದ ಹೊರಡುವ ಪ್ರತಿ ಪಿಸ್ತೂಲಿನ ನಳಿಗೆಯ ಗುರುತು ವಿಧಿವಿಜ್ಞಾನ ಪ್ರಯೋಗಾಲಯದ ಕಡತದಲ್ಲಿ ಮೊದಲೇ ಇರಬೇಕು. ಅಮೆರಿಕ ನಲವತ್ತು ವರ್ಷ ಹೆಣ ಎಣಿಸಿದ ಮೇಲೆ ಕೇಳಲು ಶುರುಮಾಡಿದ ಪ್ರಶ್ನೆಗಳನ್ನು ನಾವು ಮೊದಲೇ ಕೇಳಬಹುದು.

ಸೆಪ್ಟೆಂಬರ್ 5 ಪ್ರತಿ ವರ್ಷ ಬರುತ್ತದೆ. ಈ ಸಲ ಮೇಣದಬತ್ತಿ ಹಚ್ಚುವಾಗ ಈ ಮೂರು ಬೇಡಿಕೆಗಳನ್ನೂ ಕನ್ನಡದಲ್ಲಿ ಬರೆದು ಹಿಡಿದುಕೊಂಡು ನಿಲ್ಲೋಣ.