ಪುಸ್ತಕಕ್ಕ ಸಾಲ ಮಾಡಬ್ಯಾಡ ತಂಗಿ

ಬರಹ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಅರ್ಧಕ್ಕೆ ಲೈಕ್ ಒತ್ತಿ ಹೋಗಬೇಡಿ, ಕೊನೇಲಿ ನಿಮ್ಮ ಪಾಲಿಗೂ ಒಂದು ಕೆಲಸ ಇದೆ.

ನಮ್ಮ ಕೇರಿಗಳಲ್ಲಿ ಬರೆಯೋ ಮಕ್ಕಳು ಹೆಚ್ಚಾಗಿದ್ದಾರೆ. ಜೋಯಿಡಾ, ಹಳಿಯಾಳ, ದಾಂಡೇಲಿ, ಮುಂಡಗೋಡ, ಎಲ್ಲಿಗೆ ಹೋದ್ರೂ ಕಾರ್ಯಕ್ರಮ ಮುಗಿದ ಮೇಲೆ ಒಬ್ಬರಾದರೂ ಹತ್ತಿರ ಬಂದು ನೋಟ್‌ಬುಕ್ ತೆಗೀತಾರೆ. "ಅಣ್ಣಾ, ಇದನ್ನ ಪುಸ್ತಕ ಮಾಡೂದು ಹೆಂಗ?" ಅಂತಾರೆ. ಎದೆ ತುಂಬಿ ಬರ್ತದೆ. ಅದರ ಬೆನ್ನಿಗೇ ಎರಡನೇ ಮಾತು ಬರ್ತದೆ: "ಒಬ್ರು ಪ್ರಕಾಶಕರು ಸಿಕ್ಯಾರ, ನಲವತ್ತು ಸಾವಿರ ಕೇಳ್ತಾರ." ಆ ಮಾತು ಕೇಳಿದ್ರೆ ನನಗೆ ರಕ್ತ ಕುದೀತದೆ.

ಈಗಿನ ಪ್ರಕರಣ ರಾಮನಗರದ ಒಬ್ಬ ತಂಗಿಯದು. ಸುಪಾ ಅಣೆಕಟ್ಟೆಗೆ ಊರು ಮುಳುಗಿ, ಪುನರ್ವಸತಿ ಅಂತ ರಾಮನಗರಕ್ಕೆ ತಂದು ಹಾಕಿದ ಮನೆತನಗಳಲ್ಲಿ ಅವರದೂ ಒಂದು. ಮುಳುಗಿದ ಊರಲ್ಲಿ ತಮ್ಮ ಬಾವಿ ಎಲ್ಲಿತ್ತು, ಹೊಸ ಊರಲ್ಲಿ ತಮ್ಮ ಮನೆ ಯಾವ ಅಂಚಿಗೆ ಬಂತು, ಪರಿಹಾರ ಅಂತ ಯಾರ ಕೈಗೆ ಏನು ಸಿಕ್ಕಿತು, ಎಲ್ಲಾ ಅಜ್ಜಿಯ ಬಾಯಿಂದ ಕೇಳಿ ಬರೆದಿದ್ದಾಳೆ. 96 ಪುಟ. ಸುಪಾ ಬಗ್ಗೆ ಮೆಗಾವ್ಯಾಟ್ ಲೆಕ್ಕದ ವರದಿಗಳು ಬೇಕಾದಷ್ಟಿವೆ. ಕೇರಿಯಿಂದ ನಿಂತು ನೋಡಿದ್ದನ್ನ ನಾನಂತೂ ಇದಕ್ಕಿಂತ ಮೊದಲು ಓದಿರಲಿಲ್ಲ.

ಅವಳ ಕೈಗೆ ಬಂದಿರೋ ಕರಾರು ನೋಡಿ. ಲೇಖಕಿ 45,000 ರೂಪಾಯಿ ಕೊಡಬೇಕು. 500 ಪ್ರತಿ ಅಚ್ಚಾಗ್ತದೆ, ಅದರಲ್ಲಿ 50 ಅವಳಿಗೆ. ಐಎಸ್‌ಬಿಎನ್‌ಗೆ ಬೇರೆ ದುಡ್ಡು. ಹಕ್ಕು ಪೂರ್ತಿ ಪ್ರಕಾಶಕರದು. ಲೈಬ್ರರಿಗೆ ಆಯ್ಕೆ ಆದ್ರೆ ಆ ಹಣ ಯಾರಿಗೆ ಅನ್ನೋದರ ಬಗ್ಗೆ ಒಂದು ಸಾಲೂ ಇಲ್ಲ. ಅವ್ವ ಸಂಘದಲ್ಲಿ ಸಾಲ ತೆಗೆಯೋಕೆ ತಯಾರಾಗಿ ಕೂತಿದ್ದಾಳೆ, ಮಗಳ ಹೆಸರು ಪುಸ್ತಕದ ಮೇಲೆ ಬರ್ತದಲ್ಲ ಅಂತ. ಕಾಗದಕ್ಕೂ ನಾವೇ ಕೊಟ್ಟು, ಮುದ್ರಣಕ್ಕೂ ನಾವೇ ಕೊಟ್ಟು, ಅವರ ಲಾಭವನ್ನೂ ನಾವೇ ತುಂಬಿ, ಕೊನೆಗೆ ನಮ್ಮ ಹಕ್ಕನ್ನೂ ಬರೆದುಕೊಡೋ ವ್ಯವಹಾರಕ್ಕೆ ಹೊಲದಲ್ಲಾದ್ರೆ ಜೀತ ಅಂತಾರೆ. ಇಲ್ಲಿ ಸಾಹಿತ್ಯ ಸೇವೆ ಅಂತಾರೆ.

ದುಡ್ಡು ಕೇಳದ ಪ್ರಕಾಶಕರೂ ಇದ್ದಾರಲ್ಲ ಅಂತೀರಿ. ಇದ್ದಾರೆ. ಗದಗದ ಲಡಾಯಿ ಪ್ರಕಾಶನ, ನಮ್ಮ ಜಿಲ್ಲೆಯದೇ ಆದ ಕವಲಕ್ಕಿಯ ಕವಿ ಪ್ರಕಾಶನ, ಹೀಗೆ ಚಳವಳಿಯ ಜೊತೆ ನಡೆದವರೂ ಇದ್ದಾರೆ. ಆದ್ರೆ ಅಂಥವರಿಂದಲೂ ಏನು ನಿರೀಕ್ಷೆ ಮಾಡಬಹುದು ಅನ್ನೋದನ್ನ ನೆಲದ ಮೇಲೆ ನಿಂತು ಮಾತಾಡೋಣ. ಕನ್ನಡದಲ್ಲಿ ಹೊಸಬರ ಪುಸ್ತಕ ಐನೂರೋ ಸಾವಿರವೋ ಅಚ್ಚಾಗ್ತದೆ. ಗೌರವಧನ ವಾಡಿಕೆಯಂತೆ ನೂರಕ್ಕೆ ಹತ್ತು. ಪುಸ್ತಕದ ಬೆಲೆ 120 ಅಂತ ಇಟ್ಕೊಳ್ಳಿ, ಪ್ರತಿಗೆ 12 ರೂಪಾಯಿ. ಐನೂರೂ ಖರ್ಚಾದ್ರೆ 6,000. ಅದೂ ಎರಡು ಮೂರು ವರ್ಷದಲ್ಲಿ, ಅದೂ ಲೆಕ್ಕ ಕೊಟ್ಟರೆ. ಎಷ್ಟೋ ಕಡೆ ಅದನ್ನ ಪುಸ್ತಕದ ರೂಪದಲ್ಲೇ ಕೊಟ್ಟು ಮುಗಿಸ್ತಾರೆ.

ಪ್ರಕಾಶಕರ ಕಣ್ಣಿರೋದು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಮೇಲೆ. ಆಯ್ಕೆಯಾದ್ರೆ ಸಾಮಾನ್ಯವಾಗಿ 300 ಪ್ರತಿ ಒಮ್ಮೆಗೇ ಹೋಗ್ತದೆ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ನಾವೆಲ್ಲ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಕಟ್ತೀವಿ, ಆ ದುಡ್ಡಿದು. ಸ್ಥಳೀಯ ಸಂಸ್ಥೆಗಳು ಅದನ್ನ ಇಲಾಖೆಗೆ ಕಟ್ಟೋಕೆ ಸತಾಯಿಸ್ತಾವೆ, ಖರೀದಿ ವರ್ಷಗಟ್ಟಲೆ ಎಳೀತದೆ, ಪ್ರಕಾಶಕರೇ ಎಷ್ಟೋ ಸಲ ಕೂಗಾಡಿದ್ದಾರೆ. ಅದನ್ನ ನಂಬಿ ಸಂಘದ ಕಂತು ಕಟ್ಟೋಕಾಗ್ತದಾ?

ಬಾಬಾಸಾಹೇಬರನ್ನೇ ನೆನೆಯಿರಿ. 1956ರ ಸೆಪ್ಟೆಂಬರ್. 'ಬುದ್ಧ ಮತ್ತು ಆತನ ಧಮ್ಮ' ಅಚ್ಚಿನಲ್ಲಿದೆ, ಮುದ್ರಣದ ಖರ್ಚು ಕೈಮೀರಿದೆ. ದೇಶದ ಮೊದಲ ಕಾನೂನು ಮಂತ್ರಿ, ಸಂವಿಧಾನದ ಕರಡು ಸಮಿತಿ ಅಧ್ಯಕ್ಷ, ಪ್ರಧಾನಿ ನೆಹರೂಗೆ ಪತ್ರ ಬರೆದು ಕೇಳಿದ್ದೇನು? ಬುದ್ಧನ 2500ನೇ ಜಯಂತಿ ವರ್ಷ, ಗ್ರಂಥಾಲಯಗಳಿಗೂ ವಿದೇಶಿ ವಿದ್ವಾಂಸರಿಗೂ ಹಂಚೋಕೆ ಸರ್ಕಾರ ಸುಮಾರು 500 ಪ್ರತಿ ಕೊಳ್ಳಲಿ ಅಂತ. ಅದಕ್ಕೆ ಇಟ್ಟಿದ್ದ ಹಣ ಮುಗಿದಿದೆ ಅನ್ನೋ ಉತ್ತರ ಬಂತು. ಪುಸ್ತಕ ಹೊರಬಂದಿದ್ದು 1957ರಲ್ಲಿ, ಬಾಬಾಸಾಹೇಬರು ತೀರಿಕೊಂಡ ಮೇಲೆ, ಅವರೇ ಕಟ್ಟಿದ ಸಿದ್ಧಾರ್ಥ ಕಾಲೇಜಿನ ಮೂಲಕ. ಬಾಬಾಸಾಹೇಬರ ಐನೂರು ಪ್ರತಿಗೇ ಹಣ ಮುಗಿದಿತ್ತು. ರಾಮನಗರದ ಹುಡುಗಿಯ ಮುನ್ನೂರು ಪ್ರತಿಗೆ ಇರ್ತದೆ ಅಂತ ಯಾವ ಧೈರ್ಯದ ಮೇಲೆ ಹೇಳ್ತೀರಿ?

ಹಾಗಾದ್ರೆ ನಾವೇ ಹಾಕ್ಕೊಳ್ಳೋಣ, ಸ್ವಂತ ಪ್ರಕಾಶನ! ಈ ಮಾತು ಹೇಳೋ ಗೆಳೆಯರು ಕೂಡಲೇ ಹಿರಿಯರ ಹೆಸರು ತೆಗೀತಾರೆ. ಕುವೆಂಪು ಪುಸ್ತಕಗಳ ಮೇಲೆ ಅವರ ಮನೆಯದೇ ಹೆಸರು, ಉದಯರವಿ. ಕಾರಂತರು ಪುತ್ತೂರಲ್ಲಿ ಮುದ್ರಣಾಲಯವನ್ನೇ ನಡೆಸಿದರು. ತೇಜಸ್ವಿಗೆ ಪುಸ್ತಕ ಪ್ರಕಾಶನ ಇತ್ತು. ಗಳಗನಾಥರು ಗಂಟು ಹೊತ್ತು ಊರೂರು ಸುತ್ತಿ ಮಾರಿದರು. ಎಲ್ಲಾ ನಿಜ, ಗೌರವವೂ ಇದೆ. ಆದ್ರೆ ಗಳಗನಾಥರ ಗಂಟಿಗೆ ಊರಿನ ಯಾವ ಬಾಗಿಲಾದ್ರೂ ತೆರೀತಿತ್ತು. ನಮ್ಮ ಹುಡುಗ ಅದೇ ಗಂಟು ಹೊತ್ತು ಹೋದ್ರೆ ಮೊದಲು ಅಡ್ಡಹೆಸರು ಕೇಳ್ತಾರೆ. ಒಬ್ಬರಿಗೆ ವಿಶ್ವವಿದ್ಯಾಲಯದ ಸಂಬಳ, ಇನ್ನೊಬ್ಬರಿಗೆ ಕಾಫಿ ತೋಟ. ಬಂಡವಾಳ ಅಂದ್ರೆ ಬರೀ ನೋಟಲ್ಲ ಅಂತ ನಮಗೆ ಯಾರೂ ಪಾಠ ಮಾಡಬೇಕಿಲ್ಲ.

ಸ್ವಂತ ಪ್ರಕಾಶನದ ಲೆಕ್ಕವನ್ನೂ ಬಿಡಿಸೋಣ. ಡಿಟಿಪಿ, ಕರಡು, ಮುಖಪುಟ, ಮುದ್ರಣ ಎಲ್ಲಾ ಸೇರಿ 500 ಪ್ರತಿಗೆ 30,000 ಅಂತ ಇಟ್ಕೊಳ್ಳಿ. ಪ್ರತಿಗೆ 60 ಬಿತ್ತು. ಅಂಗಡಿಗೆ ಕೊಟ್ರೆ ಅವರು ನೂರಕ್ಕೆ ನಲವತ್ತರವರೆಗೂ ಹಿಡೀತಾರೆ. 120ರಲ್ಲಿ ನಿಮಗೆ 72. ಖರ್ಚು ಕಳೆದರೆ ಉಳಿಯೋದು ಎಷ್ಟು? ಅದೇ 12 ರೂಪಾಯಿ! ಪ್ರಕಾಶಕ ಕೊಡ್ತಿದ್ದಷ್ಟೇ. ವ್ಯತ್ಯಾಸ ಏನಂದ್ರೆ ಮಾರಾಟ ಆಗದ ಪ್ರತಿ ಈಗ ನಿಮ್ಮ ಮಂಚದ ಕೆಳಗಿರ್ತದೆ, ಗೆದ್ದಲು ಹಿಡೀತದೆ. ನಮ್ಮ ಕಡೆ ಮಳೆ ಗೊತ್ತಲ್ಲ. ಮತ್ತೆ ಅಂಗಡಿ ಅಂದ್ರೂ ಎಲ್ಲಿಯ ಅಂಗಡಿ? ರಾಮನಗರದವರು ಒಂದು ಕವನ ಸಂಕಲನ ಕೊಳ್ಳೋಕೆ ಬೆಳಗಾವಿಗೋ ಧಾರವಾಡಕ್ಕೋ ಬಸ್ ಹತ್ತಬೇಕು. 1950ರ ದಶಕದಿಂದ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಇದೆ. ನಮ್ಮ ಕಾಡಿನ ಬಿದಿರು ಬರೆಯೋ ಕಾಗದ ಆಗಿ ಘಟ್ಟ ಇಳಿದು, ಬಯಲು ದಾಟಿ ಹೋಯ್ತು. ಪುಸ್ತಕ ಆಗಿ ವಾಪಸ್ ಬಂದಿದ್ದು ಬಹಳ ಕಡಿಮೆ.

ಇ-ಪುಸ್ತಕ ಮಾಡಿ ಅನ್ನೋರಿಗೆ ಒಂದೇ ಮಾತು. 2016ರಲ್ಲಿ ಅಮೆಜಾನ್ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ಬಾಗಿಲು ತೆಗೆದಾಗ ಅದರಲ್ಲಿ ಕನ್ನಡ ಇರಲಿಲ್ಲ. ಆಮೇಲೆ ಮೈಲ್ಯಾಂಗ್‌ನಂಥವು ಬಂದವು, ಒಳ್ಳೇದೇ. ಆದ್ರೆ ಈ ಪುಸ್ತಕ ಮೊದಲು ಓದಬೇಕಾದ ಅಜ್ಜಿಯ ಓಣಿಯವರು ಮೊಬೈಲಲ್ಲಿ ದುಡ್ಡು ಕೊಟ್ಟು ಓದೋರಲ್ಲ.

ಮತ್ತೆ ಆ 30,000ದ ಲೆಕ್ಕಕ್ಕೇ ಬನ್ನಿ, ಅದರಲ್ಲಿ ಒಂದು ಕಿಂಡಿ ಇದೆ. ಅಂಗಡಿ ಬಿಟ್ಟು ಕೈಯಿಂದ ಕೈಗೆ ಪೂರ್ತಿ ಬೆಲೆಗೆ ಮಾರಿದ್ರೆ 250 ಪ್ರತಿಗೆ ಹಾಕಿದ ಹಣ ವಾಪಸ್. ಉಳಿದ 250 ಅವಳ ಸಂಪಾದನೆ, ಮುಂದಿನ ಪುಸ್ತಕದ ಕಾಗದ. ಹಾಗಾಗಿ ಪ್ರಕಾಶಕ ಬೇಕೋ ಸ್ವಂತವೋ ಅಂತ ತಲೆ ಕೆಡಿಸ್ಕೊಳ್ಳೋ ಮೊದಲು ಕೇಳಬೇಕಾದ್ದು ಇಷ್ಟೇ: ದುಡ್ಡು ಕೊಟ್ಟು ಕೊಳ್ಳೋ 250 ಜನ ಇದ್ದಾರಾ?

ಬಾಬಾಸಾಹೇಬರಿಗೆ ಇದ್ದರು. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಭಾಷಣದ ಸಾಲು ತೆಗೀರಿ ಅಂತು, ಅವರು ಒಂದು ಅಲ್ಪವಿರಾಮವನ್ನೂ ತೆಗೆಯಲ್ಲ ಅಂದರು, ಸಮ್ಮೇಳನವೇ ರದ್ದಾಯ್ತು. ಆ ಭಾಷಣವನ್ನ ತಮ್ಮ ಖರ್ಚಿನಲ್ಲೇ 1,500 ಪ್ರತಿ ಅಚ್ಚು ಹಾಕಿಸಿದರು, ಬೆಲೆ ಎಂಟಾಣೆ. ಎರಡು ತಿಂಗಳಲ್ಲಿ ಎಲ್ಲಾ ಖಾಲಿ. 'ಜಾತಿ ವಿನಾಶ' ಜಗತ್ತಿಗೆ ಬಂದಿದ್ದು ಸ್ವಂತ ಪ್ರಕಾಶನವಾಗಿ, ಸ್ವಾಮಿ. ಅದನ್ನ ಕೀಳಾಗಿ ಕಾಣೋ ವಿಮರ್ಶಕರು ನೆನಪಿಟ್ಟುಕೊಳ್ಳಲಿ. (1937ರ ಎರಡನೇ ಆವೃತ್ತಿ ಮುನ್ನುಡಿಯಲ್ಲಿ ಗುಜರಾತಿ, ತಮಿಳು, ಮರಾಠಿ, ಹಿಂದಿ, ಪಂಜಾಬಿ, ಮಲಯಾಳಂ ಅನುವಾದಗಳ ಮಾತಿದೆ. ಕನ್ನಡದ ಹೆಸರಿಲ್ಲ. ನಮ್ಮ ಪ್ರಕಾಶಕರು ಆಗ ಏನು ಓದ್ತಿದ್ದರೋ.)

ನಮ್ಮ ಕಾಲದ್ದೇ ಬೇಕಾ? 2022ರ ಜುಲೈನಲ್ಲಿ ದೇವನೂರ ಮಹಾದೇವ ಅವರ 'ಆರ್‌ಎಸ್‌ಎಸ್: ಆಳ ಮತ್ತು ಅಗಲ' ಬಂತು. ಚಿಕ್ಕ ಪುಸ್ತಕ, 40 ರೂಪಾಯಿ. ಒಬ್ಬ ಪ್ರಕಾಶಕರಿಗೆ ಕಟ್ಟಿಹಾಕದೆ ಹಲವು ಪ್ರಕಾಶನಗಳು ಒಟ್ಟಿಗೇ ಅಚ್ಚು ಹಾಕೋಕೆ ಬಿಟ್ಟರು, ತಮಗೆ ಗೌರವಧನ ಬೇಡ ಅಂದರು. ಕೆಲವೇ ತಿಂಗಳಲ್ಲಿ ಲಕ್ಷ ಪ್ರತಿ ದಾಟಿತು. ಅದು ದೇವನೂರರ ಹೆಸರಿನ ಬಲ ಅಂತೀರಿ, ಒಪ್ಪಿದೆ. ರಾಮನಗರದ ಹುಡುಗಿಗೆ ಲಕ್ಷದ ಕನಸು ತೋರಿಸೋದು ಮೋಸ, ಬೂಕರ್ ಕನಸು ತೋರಿಸೋದು ಅದಕ್ಕಿಂತ ದೊಡ್ಡ ಮೋಸ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಬಂದ ಬಹುಮಾನದ ಹಿಂದೆ 1990ರಿಂದ 2023ರವರೆಗಿನ ಕತೆಗಳಿವೆ. ಆದ್ರೆ ಆ 40 ರೂಪಾಯಿ ಪುಸ್ತಕವನ್ನ ಚೀಲದಲ್ಲಿಟ್ಕೊಂಡು ಹಳ್ಳಿಹಳ್ಳಿಗೆ ಒಯ್ದವರು ಯಾರು? ನಾವೇ ಅಲ್ವಾ? ಡಿಸೆಂಬರ್ 6ಕ್ಕೆ ದಾದರ್‌ಗೆ ಹೋದವರು ನೋಡಿದ್ದೀರಿ, ಶಿವಾಜಿ ಪಾರ್ಕಿನ ಸುತ್ತ ಸಾಲು ಸಾಲು ಪುಸ್ತಕದ ಅಂಗಡಿ. ಕೂಲಿ ಮಾಡೋ ತಾಯಂದಿರು ಸೆರಗಿನ ಗಂಟು ಬಿಚ್ಚಿ ಚಿಕ್ಕ ಪುಸ್ತಕ ಕೊಳ್ತಾರೆ. ಯಾರ ಹತ್ತಿರವೂ ಗೌರವ ಪ್ರತಿ ಕೇಳಲ್ಲ.

ಗೌರವ ಪ್ರತಿ. ಈಗ ನಿಮ್ಮ ವಿಷಯಕ್ಕೆ ಬಂದೆ, ಸಿಟ್ಟಾಗಬೇಡಿ. ನಮ್ಮ ಹುಡುಗರ ಪುಸ್ತಕ ಬಿಡುಗಡೆ ಆದ ದಿನ ವೇದಿಕೆ ಮೇಲೆ ಹತ್ತು ಜನ ನಿಲ್ತೀವಿ, ಹತ್ತೂ ಜನಕ್ಕೆ ಪುಕ್ಕಟೆ ಪುಸ್ತಕ. ಕೆಳಗೆ ಕೂತವರು "ತಮ್ಮಾ, ನನಗೊಂದು ಇಡು" ಅಂತಾರೆ. ಸಂಬಳ ಬರೋ ನೌಕರರೂ ಅಂತಾರೆ, ಲೆಕ್ಚರರೂ ಅಂತಾರೆ. ಸಂಜೆ ಹೊತ್ತಿಗೆ ಎಂಬತ್ತು ಪ್ರತಿ ಹೋಗಿರ್ತವೆ, ಡಬ್ಬಿಯಲ್ಲಿ ಏಳುನೂರು ರೂಪಾಯಿ. ಏಪ್ರಿಲ್ 14ಕ್ಕೆ ಡಿಜೆ ತರಿಸೋಕೆ ಮನೆಮನೆ ವಂತಿಗೆ ಎತ್ತೋ ನಮಗೆ 120 ರೂಪಾಯಿ ಭಾರ ಆಗ್ತದಾ? ಒಂದು ವರ್ಷ ಡಿಜೆ ಬಿಟ್ಟರೆ ಒಂದು ಪುಸ್ತಕದ ಕಾಗದದ ಖರ್ಚು ಬರ್ತದೆ. ಹೇಳಿದ್ರೆ ಯುವಕರು ಮುನಿಸ್ಕೊಳ್ತಾರೆ, ಮುನಿಸ್ಕೊಳ್ಳಲಿ.

ಬರೆಯೋ ತಮ್ಮ-ತಂಗಿಯರಿಗೆ ಎರಡು ಮೂರು ಗಟ್ಟಿ ವಿಷಯ. ಐಎಸ್‌ಬಿಎನ್ ಪುಕ್ಕಟೆ. ರಾಜಾ ರಾಮಮೋಹನ್ ರಾಯ್ ಏಜೆನ್ಸಿಗೆ ಆನ್‌ಲೈನಲ್ಲಿ ನೀವೇ ಅರ್ಜಿ ಹಾಕಬಹುದು, ಅದಕ್ಕೆ ದುಡ್ಡು ಕೇಳೋನ ಹತ್ತಿರ ಮುಂದಿನ ಮಾತೇ ಬೇಡ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ, ಪ್ರಕಟಣೆ ಬಂದಾಗ ಅರ್ಜಿ ಹಾಕಿ. ಇನ್ನು ಕರಾರು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು, ಗೌರವಧನ ಎಷ್ಟು ಅಂತ ಬರೆದಿರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ರೆ ಐದೇ ವರ್ಷ ಅಂತ ಲೆಕ್ಕ. ಬಾಯಿಮಾತಲ್ಲಿ "ಹಕ್ಕು ನಮ್ಮದು" ಅಂದ್ರೆ ಆಗಲ್ಲ. ಒಂದು ಆವೃತ್ತಿಗೆ ಮಾತ್ರ ಅನುಮತಿ ಅಂತ ಬರೆಸ್ಕೊಳ್ಳಿ. ಒಪ್ಪದವರಿಗೆ ಕೊಡಬೇಡಿ. ಬಾಬಾಸಾಹೇಬರು ಬರೆದುಕೊಟ್ಟ ದೇಶದಲ್ಲಿ ಸಹಿ ಹಾಕೋ ಮುಂಚೆ ಓದೋದು ನಮಗೆ ಬರಬೇಕು.

ರಾಮನಗರದ ತಂಗಿಗೆ ನಾವು ಹೇಳಿದ್ದು ಇಷ್ಟು. ಆ ಕಾಗದಕ್ಕೆ ಸಹಿ ಬೇಡ, ಅವ್ವ ಸಾಲ ತೆಗೆಯೋದು ಬೇಡ. ಹಸ್ತಪ್ರತಿಯನ್ನ ದುಡ್ಡು ಕೇಳದ ಎರಡು ಪ್ರಕಾಶನಗಳಿಗೆ ಕಳಿಸ್ತೀವಿ, ಮೂರು ತಿಂಗಳು ಕಾಯ್ತೀವಿ. ಅವರು ಹಾಕಿದ್ರೆ 250 ಪ್ರತಿ ನಾವು ಕೊಂಡು ಮಾರ್ತೀವಿ. ಆಗದಿದ್ರೆ ಅದೇ ಮುಂಗಡ ದುಡ್ಡಲ್ಲಿ ನಾವೇ ಅಚ್ಚು ಹಾಕ್ತೀವಿ, ಹಕ್ಕು ಅವಳದೇ. ಪ್ರತಿಗೆ 120. ಈವರೆಗೆ 61 ಹೆಸರು ಬಂದಿವೆ. ಅದರಲ್ಲಿ ಹದಿನೆಂಟು ರಾಮನಗರದ ಅವಳ ಓಣಿಯವೇ, ಹೆಬ್ಬೆಟ್ಟು ಒತ್ತೋರೂ ಇದ್ದಾರೆ, ಮೊಮ್ಮಕ್ಕಳ ಕೈಲಿ ಓದಿಸ್ತೀವಿ ಅಂದಿದ್ದಾರೆ. ಇನ್ನು 189 ಬೇಕು.

ಅಭಿನಂದನೆ, ಚಪ್ಪಾಳೆ ಚಿತ್ರ ಬೇಡ. ಊರು ಯಾವುದು, ಪ್ರತಿ ಎಷ್ಟು, ದುಡ್ಡು ಯಾರ ಕೈಲಿ ಕೊಡ್ತೀರಿ, ಇಷ್ಟು ಬರೆದು ಇನ್‌ಬಾಕ್ಸ್‌ಗೆ ಹಾಕಿ. ಪ್ರತಿ ಭಾನುವಾರ ಪಟ್ಟಿಯನ್ನ ಇಲ್ಲೇ ಹಾಕ್ತೀನಿ.